ಮೆಚ್ಚುವ ಹಕ್ಕು

ಅಂದು ಹೊರಗೆ ಬಿರುಬಿಸಿಲಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಡೆದದ್ದಕ್ಕೆ ಹವೆ ಕಾರಣವಲ್ಲ. 2006ರ ಫೆಬ್ರವರಿ, ಮಧ್ಯಾಹ್ನ. ಕ್ರೈಸ್ಟ್‌ಚರ್ಚಿನ ಹಳೆಯ ಕಲ್ಲಿನ ಸಭಾಂಗಣವೊಂದರಲ್ಲಿ ನನ್ನ ತಂಗಿ ಹರ್ಷಿಣಿಯ ಕೊಳಲು ಕಛೇರಿ. ಎರಡೂವರೆ ಶತಮಾನದ ಹಿಂದೆ ಪ್ರಷ್ಯವನ್ನಾಳಿದ, ಸ್ವತಃ ಕೊಳಲು ನುಡಿಸುತ್ತಿದ್ದ ದೊರೆ ಫ್ರೆಡರಿಕ್‌ನ ರಚನೆಯನ್ನು ಅವಳು ಆರಿಸಿಕೊಂಡಿದ್ದಳು. ಅವನ ಆಸ್ಥಾನದಲ್ಲಿ ವಾದನವನ್ನು ಮೆಚ್ಚಿ ದನಿಯೆತ್ತುವ ಹಕ್ಕು ಅವನ ಕೊಳಲಿನ ಗುರುವಿಗೆ ಮಾತ್ರ ಇತ್ತಂತೆ; ಹಾಗೆಂದು ಅವಳೇ ನಮಗೆ ಹೇಳಿದಳು.

"ಭಲೇ ಅನ್ನೋಕೂ ಅಪ್ಪಣೆ ಬೇಕೇನಮ್ಮ? ನಮ್ಮ ಮೈಸೂರಲ್ಲಿ ಸುಮ್ನೆ ಕೂತ್ರೆ ವಿದ್ವಾಂಸರಿಗೇ ಬೇಜಾರಾಗುತ್ತೆ," ಎಂದು ಅಪ್ಪ ನಕ್ಕರು. ಅವರು ಇಲ್ಲಿನ ಕನ್ನಡ ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ಕಂಠವೇ ಅವರ ಬದುಕಾಗಿತ್ತು.

"ಅಪ್ಪಾ, ಪ್ಲೀಸ್, ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಳ್ಳಿ," ಎಂದಳು ಹರ್ಷಿಣಿ.

ವಿಳಂಬಗತಿಯ ಭಾಗ ಆರಂಭವಾದಾಗ ಅಪ್ಪನ ಪಕ್ಕದ ಖಾಲಿ ಕುರ್ಚಿಯ ಕಡೆಯಿಂದ ನೆಲಮಾಳಿಗೆಯಂಥ ಥಂಡಿ ಬಂತು. ಜೊತೆಗೆ ಆಗಷ್ಟೇ ಆರಿಸಿದ ಮೇಣದಬತ್ತಿಯ ವಾಸನೆ. ಅಲ್ಲೆಲ್ಲೂ ಮೇಣದಬತ್ತಿ ಇರಲಿಲ್ಲ. ತಂಗಿ ಒಂದು ಸ್ವರವನ್ನು ಬಹಳ ಮೆಲ್ಲನೆ ಇಳಿಸಿದಳು. ಅಪ್ಪನಿಗೆ ತಡೆಯಲಾಗಲಿಲ್ಲ, ತೊಡೆ ತಟ್ಟಿ "ಭಲೇ!" ಎಂದರು.

ಯಾರೋ ಇತ್ತ ತಿರುಗಿ ಕೂತ ಹಾಗೆ ಆ ಕುರ್ಚಿ ಕಿರುಗುಟ್ಟಿತು.

ಅಪ್ಪ ಆಡಿದ ಕೊನೆಯ ಮಾತು ಅದೇ. ಗಂಟಲಿನಲ್ಲಿ ಯಾವ ದೋಷವೂ ಇಲ್ಲವೆಂದು ವೈದ್ಯರು ಹೇಳಿದರು. ಮಕ್ಕಳು ಪಾಠಕ್ಕೆ ಬರುವುದು ನಿಂತಿತು. ಈಗಲೂ ಹರ್ಷಿಣಿ ಅಭ್ಯಾಸ ಮಾಡುವಾಗ ಅಪ್ಪ ಎದುರಿಗೆ ಕೂತು, ತುಟಿಯಲ್ಲೇ ಭಲೇ ಎಂದು, ತೊಡೆ ತಟ್ಟುತ್ತಾರೆ.

ಕಳೆದ ವಾರದಿಂದ ಆ ತಟ್ಟಿದ ಸದ್ದೂ ಕೇಳಿಸುತ್ತಿಲ್ಲ.