ಬ್ಲೋವರ್ ನಿಂತ ಭಾನುವಾರ

ಬಾಗಿಲು ತೆರೆದ ಕುಮುದಾ ಚಿಲಕ ಹಿಡಿದೇ ನಿಂತಳು.

ಮನೆ ಬಿಟ್ಟುಹೋಗಿದ್ದ ಗಂಡ ಉಮಾಕಾಂತ, ಟೂಲ್ ಬ್ಯಾಗ್ ಹಿಡಿದು ಎದುರಿಗೇ ನಿಂತಿದ್ದ!

"ಮನೆ ಓನರ್ ನನಗೇ ಫೋನ್ ಮಾಡಿದ್ರು. ಹೀಟರ್ ಕೆಟ್ಟಿದೆಯಂತೆ..."

"ಹೀಟರ್ ನೋಡೋಕೆ ತಾನೇ ಬಂದಿದ್ದು? ನೋಡಿ, ಹೋಗಿ."

ಪರದೇಶದ ಈ ಕರೆನ್ ಬಡಾವಣೆಯಲ್ಲಿ ಜುಲೈ ಎಂದರೆ ಚಳಿಗಾಲ, ಮೂಳೆಗಿಳಿಯುವಂಥ ಚಳಿ. ಹಿಂದೆ ಈ ಬಾಡಿಗೆ ಮನೆಯಲ್ಲಿದ್ದ ಯಾರೋ ಬಿಳಿಯರು ಗ್ಯಾಸ್ ಫರ್ನೇಸ್ ಹಾಕಿಸಿದ್ದರು. ಅದರ ಬಿಸಿಗಾಳಿಯನ್ನು ಕೋಣೆಕೋಣೆಗೂ ತಳ್ಳುವ ಬ್ಲೋವರ್ ಈಗ ನಿಂತುಹೋಗಿತ್ತು.

ಕಳೆದ ವರ್ಷ ಕುಮುದಾಳ ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ. ಮಾರನೇ ದಿನವೇ ಉಮಾಕಾಂತ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯ ತನ್ನ ಆಫೀಸಿಗೆ ಹೊರಟ. 'ನಿಮ್ಮದು ಕಲ್ಲೆದೆ! ನನ್ನ ಕಣ್ಮುಂದೆ ಇರಬೇಡಿ!' ಎಂದಳು. ಆತ ನಿಜಕ್ಕೂ ಹೋಗಿಬಿಟ್ಟ. ಸಂಕಟದಲ್ಲಿ ಆಡಿದ ಮಾತು ಬಾಣಲೆಯಿಂದ ಸಿಡಿದ ಎಣ್ಣೆ, ಹಿಂದಕ್ಕೆ ಹಾಕಲಾದೀತೆ?

ಉಮಾಕಾಂತ ಕರೆಂಟ್ ಆಫ್ ಮಾಡಿ ಫರ್ನೇಸಿನ ಕೆಳಬಾಗಿಲು ತೆಗೆದ. ಫ್ಯಾನನ್ನು ಕೈಯಲ್ಲಿ ತಿರುಗಿಸಿದ, ಸಲೀಸಾಗಿ ತಿರುಗಿತು. ಮೋಟರನ್ನು ಶುರುಮಾಡಿಸುವ ಕೆಪಾಸಿಟರ್‌ಗೆ ಮೀಟರ್ ಹಿಡಿದ, ಅದೂ ಸರಿಯಿತ್ತು.

"ಮೋಟರ್ ಸುಟ್ಟಿಲ್ಲ. ಮತ್ತೇನು...?"

ಬಾಗಿಲು ಮುಚ್ಚಿದಾಗ ಒತ್ತಿಕೊಂಡು ಕರೆಂಟ್ ಬಿಡುವ ಪುಟ್ಟ ಸ್ವಿಚ್ಚೊಂದು ಅಲ್ಲಿತ್ತು. ಅದರ ಸಂದಿಯಲ್ಲಿ ಏನೋ ಬೆಳ್ಳಗೆ ಒಣಗಿ ಅಂಟಿ, ಸ್ವಿಚ್ಚು ಒತ್ತಿಕೊಳ್ಳದಂತೆ ಹಿಡಿದಿತ್ತು. ಉಗುರಲ್ಲಿ ಕೆರೆದು ಮೂಸಿದ. ಹುಳಿ ವಾಸನೆ!

"ಕುಮುದಾ... ಇದು ಇಡ್ಲಿ ಹಿಟ್ಟಲ್ವಾ?"

ಆಕೆ ಮುಖ ತಿರುಗಿಸಿದಳು. "ಈ ಚಳೀಲಿ ಹಿಟ್ಟು ಹುದುಗು ಬರಲ್ಲ. ಅದರೊಳಗೆ ಬೆಚ್ಚಗಿರುತ್ತೆ ಅಂತ ಪಾತ್ರೆ ಇಟ್ಟಿದ್ದೆ. ಉಕ್ಕಿಬಿಡ್ತು."

"ನಿನಗೆ ಇಡ್ಲಿ ಕಂಡ್ರೆ ಆಗಲ್ವಲ್ಲೇ! ಯಾರಿಗೆ ಇದು?"

ಕುಮುದಾ ಅವನತ್ತ ತಿರುಗಿದಳು.

"ಪ್ರತಿ ಶನಿವಾರ ರುಬ್ತೀನಿ ರೀ... ಭಾನುವಾರ ನೀವು ಬಂದೇ ಬರ್ತೀರಿ ಅಂತ! ಸೋಮವಾರ ಎಲ್ಲಾನೂ ಮನೆಕೆಲಸದ ವಾಂಜಿರುಗೆ ಕೊಡ್ತೀನಿ. ಅವಳು 'ಅಸಾಂಟೆ ಮಾಮಾ', ಥ್ಯಾಂಕ್ಸ್ ಅಮ್ಮಾ, ಅಂತ ನಗ್ತಾಳೆ. ನಾನು ಒಳಗೆ ಹೋಗಿ ಅಳ್ತೀನಿ..."

ಉಮಾಕಾಂತ ನೆಲದ ಮೇಲೇ ಕುಸಿದು ಕೂತ.

"ಆ ದಿನ ನಾನು ಆಫೀಸಿಗೆ ಹೋಗಲೇ ಇಲ್ಲ ಕಣೇ. ದಾರೀಲಿ ಕಾರು ನಿಲ್ಲಿಸಿ ಅತ್ತುಬಿಟ್ಟೆ. ನಿನ್ನೆದುರು ಅತ್ರೆ ನೀನು ಇನ್ನೂ ಕುಗ್ಗಿಹೋಗ್ತೀಯ ಅಂತ ಭಯ..."

"ನನ್ನ ಜೊತೆ ಅಳಬಾರದಿತ್ತೇನ್ರೀ? ಒಬ್ಬಳೇ ಅತ್ತೂ ಅತ್ತೂ ಸಾಕಾಗಿದೆ!"

"ನೀನೇ ಹೋಗಿ ಅಂದ್ಯಲ್ಲ..."

"ಅಂದ್ರೆ ಹೋಗಿಬಿಡೋದಾ?"

ಅವನ ಭುಜಗಳು ಅದುರತೊಡಗಿದವು. ಕುಮುದಾ ತಣ್ಣನೆಯ ನೆಲದ ಮೇಲೆ ಅವನ ಪಕ್ಕದಲ್ಲೇ ಕೂತು, ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಮಗೂಗೆ ಒಂದು ಹೆಸರೂ ಇಡಲಿಲ್ಲ ನಾವು..." ಬಿಕ್ಕಿದ ಅವನು.

"ನಾನು ಇಟ್ಟಿದ್ದೀನಿ ರೀ," ಪಿಸುಗುಟ್ಟಿದಳು. "ಹೇಳ್ತೀನಿ. ಮೊದಲು ನೀವು ಅತ್ತು ಮುಗಿಸಿ."