ಸತ್ತೆವ್ವನ ಕಣ್ಣಿಗೆ ಸುಣ್ಣ ಹಾಕಿದವರು ಯಾರು?

"ವಿಭೂತಿಯೊಳಗ ಸುಣ್ಣ ಕಲಸಿ ಅತ್ತಿ ಕಣ್ಣು ಸುಟ್ಟೆನಂತ್ರಿ! ಸಂಜಿಯೊಳಗ ತವರಿಗೆ ನಡಿ ಅಂದಾರ," ಎಂದು ಸಹನಾ ದಾಂಡೇಲಿಯ ದ್ರಾಕ್ಷಾಯಣಿಯ ಪಡಸಾಲೆಯಲ್ಲಿ ನಿಂತೇ ಹೇಳಿದಳು. ಅಳಲಿಲ್ಲ. ಕಂಕುಳಲ್ಲಿ ಬಟ್ಟೆಯ ಗಂಟಿತ್ತು.

ದ್ರಾಕ್ಷಾಯಣಿ ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತಳಾದವಳು. ಸುತ್ತಲಿನ ಕಳವು, ಕಲಹಗಳೆಲ್ಲ ಅವಳ ಬಾಗಿಲಿಗೇ ಬರುತ್ತಿದ್ದವು. ನೆರೆಮನೆಯ ಶಂಕ್ರೆವ್ವ ಪ್ರತಿ ಸಲವೂ ಅವಳ ಬೆನ್ನಿಗಿರುತ್ತಿದ್ದಳು. ಶಿವನ ವಿಭೂತಿಯ ಮೇಲೆ ಇಂಥ ಮಾತು ಕೇಳಿ ಶಂಕ್ರೆವ್ವ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿದಳು.

ಮೂವರೂ ಬಸ್ಸು ಹಿಡಿದು ತೇರಗಾಂವದ ಸಹನಾಳ ಗಂಡನ ಮನೆಗೆ ಬಂದರು. ಅತ್ತೆ ಸತ್ತೆವ್ವನ ಕಣ್ಣುಗಳು ಕೆಂಡವಾಗಿದ್ದವು. ರೆಪ್ಪೆಗೂದಲು ಒಳಗೆ ತಿರುಗಿ ಗುಡ್ಡೆಯನ್ನು ಉಜ್ಜುತ್ತಿತ್ತು. ದ್ರಾಕ್ಷಾಯಣಿ ಕೆಳರೆಪ್ಪೆ ಎಳೆದು ನೋಡಿದರೆ, ಒಳಗಿನ ಪದರ ಗುಡ್ಡೆಗೇ ಅಂಟಿಕೊಂಡಿತ್ತು.

"ಯಾವಾಗಿಂದ್ರಿ?"

"ಕಣ್ಣು ಯುಗಾದಿಯಿಂದವಾ. ಬಾಯಾಗಿನ ಹುಣ್ಣು ಅದಕ್ಕೂ ಮೊದಲ. ರೊಟ್ಟಿ ಬಿಟ್ಟು ವರ್ಷಾತು, ಗಂಜೀನ ಗತಿ," ಎಂದಳು ಸತ್ತೆವ್ವ.

ದ್ರಾಕ್ಷಾಯಣಿ ದೇವರ ಗೂಡಿನಿಂದ ವಿಭೂತಿ ಗಟ್ಟಿ ತೆಗೆದಳು. "ಇದನ್ನ ಯಾರ್ಯಾರು ಹಚ್ಕೋತೀರಿ?"

"ಎಲ್ಲಾರೂ," ಎಂದಳು ಸತ್ತೆವ್ವನ ಮಗಳು ದಾನೇಶ್ವರಿ. "ಈರೇಶಣ್ಣ ಒಬ್ಬಾಂವ ಬಿಟ್ಟು. ಅವ್ವನ್ನ ಹುಬ್ಬಳ್ಳಿ ದವಾಖಾನಿಗೆ ತೋರಿಸಿಕೊಂಡು ಬಂದಾಗಿಂದ ಅವಂದು ಗಟ್ಟಿ ಬ್ಯಾರೆ, ತಂಬಿಗಿ ಬ್ಯಾರೆ, ಟಾವೆಲ್ ಬ್ಯಾರೆ. ಡಾಕ್ಟರು ಬರೇ ಮುಲಾಮು ಕೊಟ್ಟಾರಂತ."

ಮಿಲ್ಲಿನ ಮೊದಲ ಪಾಳಿ ಮುಗಿಸಿ ಸಹನಾಳ ಗಂಡ ಈರೇಶ ಮನೆಗೆ ಬಂದಾಗ ಎಲ್ಲರೂ ಕೂಡಿದ್ದರು.

"ಸುಣ್ಣ ಬಿದ್ರ ಅವತ್ತ ಒದರಾಡ್ತಿದ್ರು, ಹಿಂಗ ತಿಂಗಳುಗಟ್ಟಲೆ ಸಾವಕಾಶ ಕಣ್ಣು ಕೆಡ್ತಿದ್ದಿಲ್ಲ," ಎಂದಳು ದ್ರಾಕ್ಷಾಯಣಿ. "ಮನಿಮಂದಿ ಹಚ್ಚಿಕೊಂಡ ವಿಭೂತಿ ಒಬ್ಬಾಕಿನ್ನ ಸುಡೂದಿಲ್ಲ. ಬಾಯಾಗಿನ ಹುಣ್ಣಿಗೆ ಯಾವ ಸುಣ್ಣ? ಇದು ಜಡ್ಡು. ಮೈ ಕಾಯೂ ಶಕ್ತೀನ ದಿಕ್ಕು ತಪ್ಪಿ ಮೈಮ್ಯಾಲ ಬೀಳ್ತೈತಿ. ಬಾಯಾಗ ಗುಳ್ಳಿ ಏಳ್ತಾವ, ಕಣ್ಣು ಒಳಗಿಂದೊಳಗ ಅಂಟತಾವ. ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲ."

ಅವಳು ಈರೇಶನ ಕಡೆ ತಿರುಗಿದಳು. "ಸುಣ್ಣಕ್ಕ ಅಂಜಿದಾಂವ ವಿಭೂತಿ ಅಷ್ಟ ಬದಲಿಸ್ತಾನ. ನೀ ತಂಬಿಗಿ, ಟಾವೆಲ್ ಯಾಕ ಬದಲಿಸಿದಿ? ಹತ್ತೂ ಜಡ್ಡು ಅಂತ ಅಂಜಿದಿ. ಅಂದ್ರ ಜಡ್ಡು ಅಂತ ನಿನಗ ಗೊತ್ತಿತ್ತು. ಹುಬ್ಬಳ್ಳಿ ಚೀಟಿ ತೆಗಿ."

ಈರೇಶ ಒಳಗೆ ಹೋದ. ಟ್ರಂಕಿನ ತಳದಿಂದ ಚೀಟಿ ಬಂತು. ಬಾಯಿಯ ಒಳಚರ್ಮದ ಚೂರು ತೆಗೆದು ಪರೀಕ್ಷಿಸಬೇಕು, ತಡಮಾಡದೆ ಗುಳಿಗೆ ಶುರುವಾಗಬೇಕು, ಇಲ್ಲದಿದ್ದರೆ ನೋಟ ಹೋಗುತ್ತದೆ ಎಂದು ಅದರಲ್ಲಿತ್ತು.

"ತಂಗಿ ಲಗ್ನ ನಿಶ್ಚಯ ಆಗಿತ್ರಿ. ಕೆಟ್ಟ ಜಡ್ಡು ಅಂತ ಬೀಗರಿಗೆ ತಿಳದ್ರ ಮುರೀತಿತ್ತು..." ಎಂದ ಈರೇಶ.

"ಸುಣ್ಣದ ಮಾತು ಮೊದಲ ಎತ್ತಿದಾಂವ ನೀನ ಅಲ್ಲೇನೋ ಅಣ್ಣಾ!" ದಾನೇಶ್ವರಿ ಚೀರಿದಳು. "ಇಂಥಾ ಲಗ್ನ ಯಾರಿಗೆ ಬೇಕಿತ್ತು?"

ಶಂಕ್ರೆವ್ವನಿಗೆ ತಡೆಯಲಾಗಲಿಲ್ಲ. "ಶಿವನ ಬೂದೀನ ಸುಳ್ಳಿಗೆ ಸಾಕ್ಷಿ ನಿಲ್ಲಿಸಿದೆಲ್ಲೋ ಮೂಳಾ! ಹೆತ್ತಾಕಿ ಕುರುಡಾದ್ರೂ ನಡೀತಿತ್ತೇನು?"

"ಹೋದ ನೋಟ ಬರೂದಿಲ್ಲ," ಎಂದಳು ದ್ರಾಕ್ಷಾಯಣಿ. "ಉಳಿದಿದ್ದು ಉಳಿಸಬೇಕಂದ್ರ ಈಗ ಹುಬ್ಬಳ್ಳಿ ದವಾಖಾನಿಗೆ ಹೊಂಡ್ರಿ."

ತಾಯಿಯನ್ನು ಎಬ್ಬಿಸಲು ಈರೇಶ ಕೈಚಾಚಿದ.

"ಮುಟ್ಟಬ್ಯಾಡಪಾ," ಎಂದಳು ಸತ್ತೆವ್ವ. "ನಿನಗ ಹತ್ತೀತು." ನಂತರ ಮಬ್ಬುಗಣ್ಣು ಎತ್ತಿ ಕೇಳಿದಳು, "ಸಹನಾ, ನೀ ಬರ್ತಿಯೇನವಾ?"

ಸಹನಾ ತನ್ನ ಬಟ್ಟೆಯ ಗಂಟನ್ನು ಒಂದು ಕೈಗೆ ತೆಗೆದುಕೊಂಡಳು. ಇನ್ನೊಂದು ಕೈಯಲ್ಲಿ ಅತ್ತೆಯ ತೋಳು ಹಿಡಿದಳು.

"ನಿಮ್ಮ ಕಣ್ಣಿಗಾಗಿ ಬರ್ತೇನ್ರಿ ಅತ್ತಿ. ಈ ಮನಿಗೆ ಮಾತ್ರ ತಿರುಗಿ ಬರೂದಿಲ್ಲ."