ನನ್ನ ಅಡ್ರೆಸ್ ಹಾಕ್ಕೊಳ್ಳಿ

"ಅಷ್ಟಕ್ಕೆಲ್ಲಾ ಯಾಕೆ ತಲೆ ಕೆಡಿಸ್ಕೋತೀರಾ? ನನ್ನ ಅಡ್ರೆಸ್ ಹಾಕ್ಕೊಳ್ಳಿ!"

ಎಲ್ ಕಮಿನೋ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ, ಅಕ್ಕಿ ಮೂಟೆಗಳ ಪಕ್ಕ ನಿಂತು ಅಚ್ಯುತ ಹಾಗೆಂದಾಗ ಜಯಂತಿಯ ಮುಖ ಕೆಂಪೇರಿತು.

ಅವಳು ಸಾಂಟಾ ಕ್ಲಾರಾದ ಹೊಸ ಡಾಟ್ ಕಾಮ್ ಕಂಪನಿಗೆ ಸೇರಿ ತಿಂಗಳಾಗಿತ್ತು. ಈತ ಪಕ್ಕದ ಟೀಮಿನವನು, ಮೈಸೂರಿನವನು ಎನ್ನುವುದು ಬಿಟ್ಟರೆ ಅವಳಿಗೇನೂ ಗೊತ್ತಿರಲಿಲ್ಲ. ಮನೆ ಬೇರೆ ಊರಲ್ಲಿದ್ದರೂ ಮಗಳನ್ನು ಈ ಊರಿನ ಶಾಲೆಗೆ ಸೇರಿಸಬೇಕು ಎಂದು ಅಂಗಡಿಯ ಸತ್ಯವತಿಯಮ್ಮನಿಗೆ ಹೇಳುತ್ತಿದ್ದದ್ದು ಇವನ ಕಿವಿಗೆ ಬಿದ್ದಿತ್ತು.

"ಎಂತ ಹೇಳ್ತಾ ಇದ್ದೀರಿ ನೀವು? ನಾನು ಸುಳ್ಳು ಹೇಳಿ ಮಗಳನ್ನು ಶಾಲೆಗೆ ಸೇರಿಸುವುದಾ?"

"ಅಲ್ಲಾರೀ... ಊರಲ್ಲಿ ಮನೆ ಇದ್ದೋರಿಗೇ ಇಲ್ಲಿ ಸೀಟು. ಒಳ್ಳೆ ಸ್ಕೂಲು ಬೇಕು ಅಂತ ನಮ್ಮೋರೆಲ್ಲಾ ಹಾಗೇ ಮಾಡೋದು. ಫ್ರೆಂಡ್ಸ್ ಅಡ್ರೆಸ್ ಕೊಡ್ತಾರೆ..."

"ನನಗೆ ಒಳ್ಳೆ ಸ್ಕೂಲು ಬೇಡ ಮಾರಾಯ್ರೆ! ಹತ್ತಿರದ ಸ್ಕೂಲು ಬೇಕು!"

ಆರು ವರ್ಷದ ಆಶ್ರಿತಾಳಿಗೆ ಆಗಾಗ ಉಬ್ಬಸ. ಮನೆ ಹದಿನೈದಿಪ್ಪತ್ತು ಮೈಲಿ ಆಚೆಯ ನೆವಾರ್ಕಿನಲ್ಲಿ, ಆಫೀಸು ಇಲ್ಲಿ. ಹೋದ ವಾರ ಡೇಕೇರಿನಿಂದ ಫೋನು ಬಂದಾಗ ಜಯಂತಿ ಫ್ರೀವೇಯಲ್ಲಿ ಒಂದು ಗಂಟೆ ಸಿಕ್ಕಿಹಾಕಿಕೊಂಡಿದ್ದಳು. ಹೋಗಿ ನೋಡಿದರೆ ಮಗು ಟೀಚರ್ ತೊಡೆಯ ಮೇಲೆ ಏದುಸಿರು ಬಿಡುತ್ತಾ ಬಾಗಿಲನ್ನೇ ನೋಡುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಅಷ್ಟು ಅತ್ತದ್ದು ಅವತ್ತೇ.

"ಅಪ್ಪನೋ ಅಮ್ಮನೋ ಕೆಲಸ ಮಾಡುವ ಊರಿನ ಶಾಲೆಗೂ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ, ಸೀಟು ಇದ್ದರೆ. ಕೇಳಿ ಬಂದಿದ್ದೇನೆ. ನಿಮ್ಮ ಅಡ್ರೆಸ್ ನೀವೇ ಇಟ್ಟುಕೊಳ್ಳಿ!"

ಬೇಳೆ ಚೀಲವನ್ನು ಅಲ್ಲೇ ಮರೆತು ದಡದಡನೆ ಹೊರಟುಬಿಟ್ಟಳು. ಮರುದಿನ ಅವಳ ಮೇಜಿನ ಮೇಲೆ ಆ ಚೀಲ ಕೂತಿತ್ತು. ಪಕ್ಕದಲ್ಲಿ, ತಪ್ಪು ಮಾಡಿದ ಹುಡುಗನ ಹಾಗೆ ಅಚ್ಯುತ ನಿಂತಿದ್ದ.

"ಸಾರಿ ಕಣ್ರೀ. ನಾನು ಏನೋ ಅಂದ್ಕೊಂಡ್ಬಿಟ್ಟೆ."

'ಎಂಥ ಮನುಷ್ಯ!' ಎಂದುಕೊಂಡರೂ ಅವಳಿಗೆ ನಗು ಬಂತು.

ಸೀಟು ಸಿಕ್ಕಿತು! ಆಫೀಸಿನಿಂದ ಐದೇ ನಿಮಿಷದ ದಾರಿ. ಶಾಲೆಯವರು ಕೊಟ್ಟ ಕಾರ್ಡಿನಲ್ಲಿ, ತುರ್ತಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಎರಡು ಗೆರೆ ಇದ್ದವು. ಮೊದಲನೆಯದರಲ್ಲಿ ತನ್ನ ಹೆಸರು ಬರೆದಳು. ಎರಡನೆಯದರ ಮುಂದೆ ಪೆನ್ನು ಸುಮ್ಮನೆ ನಿಂತಿತು. ಯಾರಿದ್ದಾರೆ ತನಗೆ ಇಲ್ಲಿ...? ಖಾಲಿಯೇ ಬಿಟ್ಟಳು.

ಶಾಲೆ ಬಿಟ್ಟ ಮೇಲೆ ಆಶ್ರಿತಾ ಆಫೀಸಿನ ಮೂಲೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದಳು. ಅವಳನ್ನು ಕರೆತರುವ ಹೊತ್ತಿಗೆ ಜಯಂತಿಗೆ ಯಾವ ಮೀಟಿಂಗೂ ಬೀಳುತ್ತಿರಲಿಲ್ಲ. ಅದು ತನ್ನ ಅದೃಷ್ಟ ಎಂದೇ ನಂಬಿದ್ದಳು, ಪಾಪ! ಅಚ್ಯುತ ಎರಡು ಟೀಮಿನವರಿಗೂ ಕಾಫಿ ಕುಡಿಸಿ, ಗೋಗರೆದು, ಮೀಟಿಂಗುಗಳನ್ನೆಲ್ಲ ಬೆಳಿಗ್ಗೆಗೆ ಹಾಕಿಸಿದ್ದು ಅವಳಿಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ.

"ಪುಟ್ಟಿ, ಇದೇನು ಹೇಳು? ಆನೆನಾ, ಹಂದಿನಾ?"

"ದಟ್ಸ್ ಯು, ಅಂಕಲ್!"

ಇಬ್ಬರ ನಗು ಕೇಳುತ್ತಾ ಕೂತಾಗ ಜಯಂತಿಯ ಎದೆಯೊಳಗೆ ಏನೋ ಬೆಚ್ಚಗಾಗುತ್ತಿತ್ತು. ಬೇಡ, ಬೇಡ ಎಂದು ತನ್ನನ್ನೇ ಗದರಿಸಿಕೊಳ್ಳುತ್ತಿದ್ದಳು.

ಮರುವರ್ಷ ಡಾಟ್ ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ಒಂದು ಶುಕ್ರವಾರ ಜಯಂತಿಯ ಟೀಮಿಗೆ ಟೀಮೇ ಕೆಲಸ ಕಳೆದುಕೊಂಡು ಮನೆಗೆ ಹೋಯಿತು. ಅವಳಿಗೆ ಗ್ರೀನ್ ಕಾರ್ಡ್ ಇತ್ತು, ದೇಶ ಬಿಡಬೇಕಿರಲಿಲ್ಲ. ಆದರೆ ಬೇಸಿಗೆ ರಜೆ ಮುಗಿಯುವುದರೊಳಗೆ ಈ ಊರಲ್ಲೇ ಕೆಲಸ ಸಿಗದಿದ್ದರೆ ಆಶ್ರಿತಾ ಈ ಶಾಲೆ ಬಿಡಬೇಕಿತ್ತು.

ಪಾರ್ಕಿಂಗ್ ಲಾಟಿನಲ್ಲಿ ಅಚ್ಯುತ ಓಡಿ ಬಂದ.

"ಜಯಂತಿ, ನಾವು ಮದುವೆ ಆಗೋಣ. ನಮ್ಮನೆಗೆ ಬಂದ್ಬಿಡಿ. ಆಶ್ರಿತಾ ಸ್ಕೂಲೂ ಉಳಿಯತ್ತೆ..."

ಆ ಕೊನೆಯ ಮಾತೊಂದನ್ನು ನುಂಗಿಕೊಂಡಿದ್ದರೆ!

ಅವಳ ಕಣ್ಣು ತುಂಬಿ ಬಂತು. "ಪುನಃ ಅಡ್ರೆಸ್ ಕೊಡ್ಲಿಕ್ಕೆ ಬಂದ್ರಾ? ನನ್ನ ಮಗಳ ಸೀಟಿಗೋಸ್ಕರ ನಾನು ನಿಮ್ಮನ್ನು ಮದುವೆಯಾಗುವುದಾ?"

"ಅಯ್ಯೋ, ಹಾಗಲ್ಲ... ನಾನು..."

ಕಾರು ಹೊರಟಾಗಿತ್ತು. 'ಮರುಕ! ಬರೀ ಮರುಕ!' ಎಂದು ದಾರಿಯುದ್ದಕ್ಕೂ ಅತ್ತಳು. ಪ್ರೀತಿಯೇ ಇಲ್ಲದಿದ್ದರೆ ಅಷ್ಟು ನೋಯುತ್ತಿತ್ತೇ ಎಂದು ಕೇಳುವವರು ಪಕ್ಕದಲ್ಲಿ ಯಾರೂ ಇರಲಿಲ್ಲ.

ಕಂಡಕಂಡ ಕಡೆ ಅರ್ಜಿ ಹಾಕಿದಳು. ಶಾಲೆ ತೆರೆಯಲು ಇನ್ನೇನು ಸ್ವಲ್ಪ ದಿನ ಇರುವಾಗ ಸಾಂಟಾ ಕ್ಲಾರಾದ ಯೂನಿವರ್ಸಿಟಿಯಲ್ಲಿ ಕೆಲಸ ಸಿಕ್ಕಿತು. ಸಂಬಳ ಕಡಿಮೆ, ಆದರೆ ಆಶ್ರಿತಾಳ ಸೀಟು ಉಳಿಯಿತು. ಖುಷಿಯಿಂದ ಫೋನು ಕೈಗೆತ್ತಿಕೊಂಡಳು. ಮೊದಲು ನೆನಪಾದ ನಂಬರು ಅಚ್ಯುತನದು. ಕೆಳಗಿಟ್ಟು, ಸತ್ಯವತಿಯಮ್ಮನಿಗೆ ಮಾಡಿದಳು.

ಆ ಶನಿವಾರ ಬಾಗಿಲು ಬಡಿದ ಸದ್ದಾಯಿತು.

"ಅಚ್ಯುತ್! ಇಷ್ಟು ದೂರ...?"

"ದೂರ ಏನಿಲ್ಲ. ಎದುರುಗಡೆ ಬೀದಿ. ಹೋದ ತಿಂಗಳೇ ಇಲ್ಲಿಗೆ ಶಿಫ್ಟ್ ಆದೆ."

"ನೆವಾರ್ಕಿಗಾ? ಸಾಂಟಾ ಕ್ಲಾರಾದ ಮನೆ?"

"ಖಾಲಿ ಮಾಡ್ದೆ."

"ನಡೆದುಕೊಂಡು ಆಫೀಸಿಗೆ ಹೋಗ್ತಿದ್ದವರು! ಈಗ ದಿನಾ ಆ ಟ್ರಾಫಿಕ್ಕಿನಲ್ಲಿ... ಹುಚ್ಚಾ ನಿಮಗೆ? ಎಂತಕ್ಕೆ?"

ಅವನು ಉಸಿರು ಎಳೆದುಕೊಂಡ. "ನಿಮಗೆ ಕೆಲಸ ಸಿಗೋವರ್ಗೂ ಬಾಯಿ ಬಿಡ್ಬಾರ್ದು ಅಂತಿದ್ದೆ. ಸತ್ಯವತಿಯಮ್ಮ ಹೇಳಿದ್ರು, ಸಿಕ್ತು ಅಂತ. ಸೀಟಿಗೆ ನಾನು ಬೇಕಾಗಿಲ್ಲ. ನನ್ನ ಅಡ್ರೆಸ್ಸಿಂದ ಈಗ ನಯಾಪೈಸೆ ಉಪಯೋಗ ಇಲ್ಲ. ಈಗ ಕೇಳಬಹುದಾ, ಜಯಂತಿ? ನೀವು ಬೇಕು ನಂಗೆ. ನೀವು, ಆಶ್ರಿತಾ... ಇಬ್ರೂ."

"ಅಯ್ಯೋ ದೇವೆರೆ..." ಅವಳ ಬಾಯಿಂದ ಮನೆಮಾತು ತುಳು ಹೊರಟಿತು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. ಇಷ್ಟು ದಿನ ಅದುಮಿಟ್ಟದ್ದೆಲ್ಲ ಕೆನ್ನೆಯ ಮೇಲೆ ಇಳಿಯುತ್ತಿತ್ತು.

ಒಳಗಿನಿಂದ ಆಶ್ರಿತಾ ಇಣುಕಿದಳು. "ಅಮ್ಮಾ, ವೈ ಈಸ್ ಅಂಕಲ್ ಔಟ್‌ಸೈಡ್?"

ಜಯಂತಿ ಕಣ್ಣೊರೆಸಿಕೊಂಡು ಬಾಗಿಲನ್ನು ಪೂರ್ತಿ ತೆರೆದಳು. ಊಟದ ಮೇಜಿನ ಮೇಲೆ ಈ ವರ್ಷದ ಕಾರ್ಡಿತ್ತು, ಎರಡನೆಯ ಗೆರೆ ಖಾಲಿಯಾಗಿ.

"ಅಡ್ರೆಸ್ ಬೇಡ ನನಗೆ. ಮಗುವಿಗೆ ಹುಷಾರು ತಪ್ಪಿದರೆ ಫೋನ್ ಮಾಡ್ಲಿಕ್ಕೆ ಇನ್ನೊಂದು ಹೆಸರು ಬೇಕು. ಕೊಡ್ತೀರಾ?"

ಅಚ್ಯುತ ತನ್ನ ಹೆಸರು ಬರೆದ. ಪಕ್ಕದಲ್ಲಿ 'ಸಂಬಂಧ' ಎಂದು ಕೇಳಿದ್ದಲ್ಲಿ ಪೆನ್ನು ನಿಂತಿತು.

"ಇಲ್ಲಿ... ಏನಂತ ಬರೀಲಿ?"

ಅವಳು ಅವನ ಕೈಯ ಮೇಲೆ ಕೈಯಿಟ್ಟಳು.

"ಅಪ್ಪ ಅಂತ ಬರೆಯಿರಿ."